ಫ್ಲಾರೆನ್ಸಿನ ಚೌಕದಲ್ಲಿ ವಾಲ್ಟ್ಸ್

ಸಂಜೆ ಫ್ಲಾರೆನ್ಸಿನ ಹಳೆಯ ಚೌಕವೊಂದರಲ್ಲಿ ವಾದ್ಯದವರು ವಾಲ್ಟ್ಸ್ ನುಡಿಸತೊಡಗಿದರು; ಜನ ಜೋಡಿ ಜೋಡಿಯಾಗಿ ಕುಣಿಯತೊಡಗಿದರು. ಪ್ರವಾಸಕ್ಕೆ ಬಂದಿದ್ದ ಬಸವನಗುಡಿಯ ಶ್ರೀಪಾದರಾಯರು ಐಸ್‌ಕ್ರೀಂ ತಿನ್ನುತ್ತಾ ನಿಂತಿದ್ದರು. ಅಷ್ಟರಲ್ಲಿ ಅಲ್ಲಿಯ ಮುದುಕನೊಬ್ಬ ಬಂದು, ಅವರ ಹೆಂಡತಿ ಕುಮುದಮ್ಮನ ಮುಂದೆ ಬಾಗಿ, ಕುಣಿಯಲು ಕೈಚಾಚಿ ಕರೆದ.

“ಬೇಡ ಅನ್ನು. ನಿನಗೆಲ್ಲಿ ಬರುತ್ತೆ?” ಎಂದರು ರಾಯರು.

ಕುಮುದಮ್ಮ ಕೈಚೀಲವನ್ನು ಗಂಡನಿಗೆ ಕೊಟ್ಟು, ಸೆರಗು ಸಿಕ್ಕಿಸಿ ಹೊರಟರು. ಮೂರು ಹಾಡು ಮುಗಿಯುವವರೆಗೂ ಒಂದು ಹೆಜ್ಜೆಯೂ ತಪ್ಪಲಿಲ್ಲ. ಕುಣಿಯುತ್ತಿದ್ದವರೆಲ್ಲ ನಿಂತು ಚಪ್ಪಾಳೆ ತಟ್ಟಿದರು. ರಾಯರ ಐಸ್‌ಕ್ರೀಂ ಕರಗಿ ಅಂಗಿಯ ತೋಳಿಗಿಳಿದಿತ್ತು.

ಹೆಂಡತಿ ಬೆವರೊರೆಸಿಕೊಳ್ಳುತ್ತಾ ವಾಪಸು ಬಂದಾಗ ರಾಯರು ಮೆಲ್ಲಗೆ ಕೇಳಿದರು, “ಎಲ್ಲಿ ಕಲಿತೆ ಇದನ್ನ?”

“ಮಂಗಳವಾರ ಮಂಗಳವಾರ ಭಜನೆಗೆ ಅಂತ ಹೋಗ್ತಿದ್ನಲ್ಲ, ಅಲ್ಲೇ.”

“ಅಲ್ಲಿಗೆ ನಮ್ಮಮ್ಮನೂ ಬರ್ತಿದ್ರಲ್ಲೇ!”

“ಆ ಡ್ಯಾನ್ಸ್ ಕ್ಲಾಸಿಗೆ ನನ್ನನ್ನ ಸೇರಿಸಿದ್ದೇ ಅವರು.”