ಕವಾಟ ತೆರೆಯುವ ಹೊತ್ತು

ಸಂಜೆಯಾದರೆ ಗದಗಿನ ಓಣಿಗಳಲ್ಲಿ ಗುಂಯ್ ಎನ್ನುವ ಸದ್ದು ತಗ್ಗುತ್ತಿತ್ತು. ಸೋತ ಹೃದಯಕ್ಕೆ ನೆರವಾಗಲೆಂದು ಎದೆಯಲ್ಲಿ ಪಂಪು ಹಾಕಿಸಿಕೊಂಡವರೆಲ್ಲ ಆಗ ಅದರ ವೇಗ ಇಳಿಸಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಪಂಪು ಬಿಡುವಿಲ್ಲದೆ ರಕ್ತ ಹರಿಸಿದರೆ ಹೃದಯದ ಕವಾಟಕ್ಕೆ ತೆರೆಯುವ ಕೆಲಸವೇ ಇರುವುದಿಲ್ಲ. ಅದು ಅಂಟಿಕೊಂಡು ಕೊನೆಗೆ ಸೋರತೊಡಗುತ್ತದೆ. ವೇಗ ಇಳಿಸಿದರೆ ಹೃದಯ ತಾನೇ ಬಡಿದು ಅದನ್ನು ತೆರೆಯುತ್ತದೆ.

ಶಂಕ್ರವ್ವ ಮಾತ್ರ ವೇಗ ಇಳಿಸುತ್ತಿರಲಿಲ್ಲ. ತನ್ನ ಹೃದಯ ತಾನಾಗಿ ಬಡಿಯಲಾರದೆ ನಿಂತುಬಿಟ್ಟೀತೆಂಬ ಭಯ. ಈಗ ಅವಳ ಕವಾಟ ಸೋರುತ್ತಿತ್ತು. ಇನ್ನೂ ತಡಮಾಡಿದರೆ ಎದೆಯನ್ನು ಮತ್ತೆ ಕೊಯ್ಯಬೇಕಾದೀತೆಂದು ಡಾಕ್ಟರು ಹೇಳಿದ್ದರು.

ಆ ಸಂಜೆ ಗಂಡ ಫಕೀರಪ್ಪ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು ಅವಳ ಮಣಿಕಟ್ಟು ಹಿಡಿದ. ಅವಳಿಗೆ ಪಂಪು ಹಾಕಿದ ಮೇಲೆ ಮದುವೆಯಾದವರು ಅವರು. ಪಂಪು ಹರಿಸುವ ರಕ್ತಕ್ಕೆ ಬಡಿತವಿಲ್ಲದ್ದರಿಂದ ಆ ಕೈಯಲ್ಲಿ ಅವನು ಎಂದೂ ನಾಡಿ ಕಂಡಿರಲಿಲ್ಲ.

"ನಾ ಹೋಗಿಬಿಟ್ರ ಏನ್ ಮಾಡ್ತೀರಿ?" ಎಂದಳು.

"ಕೈ ಹಿಡಕೊಂಡೀನಲ್ಲ, ಎಲ್ಲಿ ಹೋಗ್ತಿ? ಇಳಸು."

ಶಂಕ್ರವ್ವ ಸೊಂಟಕ್ಕೆ ಕಟ್ಟಿದ್ದ ಪಂಪಿನ ಪೆಟ್ಟಿಗೆಯ ಗುಂಡಿ ತಿರುಗಿಸಿದಳು. ಸದ್ದು ತೆಳುವಾಯಿತು. ಬೇವಿನ ಮರ, ಎದುರುಮನೆಯ ಗೋಡೆ, ಮುಗಿಲು ಎಲ್ಲವೂ ನೀರಿನೊಳಗಿದ್ದಂತೆ ಮೆಲ್ಲಗೆ ತೂಗಿದವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎದೆಯೊಳಗೆ ಯಾರೋ ಮಗ್ಗುಲು ಬದಲಿಸಿದಂತಾಯಿತು.

ಫಕೀರಪ್ಪನ ಬೆರಳು ಬೆಚ್ಚಿತು. "ಬಡೀತು!" ಎಂದ. ಉಸಿರು ಬಿಗಿಹಿಡಿದು ಕಾದ. ಮತ್ತೆ ಬಡಿಯಿತು.

"ಹೆಂಗೈತ್ರಿ?"

ಅವನು ಕಣ್ಣೊರೆಸಿಕೊಂಡ. "ನಿನ್ನಂಗ ಐತಿ. ಹತ್ತ್ ಸಲ ಕರದ್ರ ಒಮ್ಮೆ ಬರ್ತೈತಿ."

ಶಂಕ್ರವ್ವ ನಕ್ಕಳು. ನಗುತ್ತಲೇ ಇನ್ನೊಂದು ಕೈಯನ್ನೂ ಅವನ ಮುಂದೆ ಚಾಚಿದಳು.