ಮೂರನೇ ಸಲಕ್ಕೆ

ದೇವೀರಮ್ಮ ತನ್ನ ಆರು ವರ್ಷದ ಮಗಳು ಚುಕ್ಕಿಗೆಂದೇ ಒಂದು ಫೋನು ತಂದ ದಿನ, ಅವಳ ಅವ್ವ ಕೂಗಾಡಿದ ಅಬ್ಬರಕ್ಕೆ ಹೆಂಚಿನ ಮೇಲಿದ್ದ ಕಾಗೆ ಪಕ್ಕದೂರಿಗೆ ಹಾರಿಹೋಯಿತು.

"ಹಾಲುಹಲ್ಲೂ ಬಿದ್ದಿಲ್ಲ, ಇದಕ್ಯಾಕೆ ಫೋನು? ಯಾವ ಡೀಸಿ ಸಾಹೇಬ್ರ ಜೊತೆ ಮಾತಾಡ್ಬೇಕು ಇದು?"

"ನಾನು ಗಾರ್ಮೆಂಟ್ಸಿಗೆ ಹೋದ್ಮೇಲೆ ನನ್ ಜೊತೆ ಮಾತಾಡ್ಲಿ ಬಿಡವ್ವ. ಮಗು ಹೆಂಗೈತೋ ಅಂತ ಜೀವ ಹೊಡ್ಕತದೆ."

ಅವ್ವ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಕೇಳು ಮಗಾ. ದೆವ್ವ ನಮ್ಮೋರ ದನೀಲೇ ಕರೀತದೆ. ಆದ್ರೆ ಎರಡು ಸಲಕ್ಕಿಂತ ಜಾಸ್ತಿ ಕರಿಯಾಕಿಲ್ಲ. ಬಾಗಿಲಾಗ್ಲಿ, ಫೋನಾಗ್ಲಿ, ಮೂರನೇ ಸಲಕ್ಕೇ ಓಗೊಡ್ಬೇಕು, ತಿಳೀತಾ?"

ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವಳು ಮನೆಗೆ ಫೋನು ಮಾಡಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲಕ್ಕೆ ಚುಕ್ಕಿಯ ಪಿಸುದನಿ ಕೇಳಿಸಿತು.

"ಅಮ್ಮಾ, ಎಲ್ಲಿದೀಯಾ?"

"ಫ್ಯಾಕ್ಟರೀಲಿ ಕಣೇ. ಬೆಳಿಗ್ಗೆ ನೀನೇ ಟಾಟಾ ಮಾಡ್ಲಿಲ್ವಾ? ಅಜ್ಜಿಗೆ ಕೊಡು."

"ಅಜ್ಜಿ ಇಲ್ಲ."

"ಎಲ್ಲಿಗೆ ಹೋದ್ಲು?"

"ಆಗ್ಲೇ ನೀನು ಹಿತ್ಲಲ್ಲಿ ನಿಂತ್ಕೊಂಡು 'ಅವ್ವಾ' ಅಂತ ಕರದ್ಯಲ್ಲ, ಒಂದೇ ಕೂಗಿಗೆ 'ಬಂದೆ ಮಗ್ಳೇ' ಅಂತ ಎದ್ದು ಹೋದ್ಲು."