ಬಳಚಿನ ಸಾರು ಮತ್ತು ಅಂಕೋಲೆಯವರು

ಮುಚ್ಚಳ ತೆಗೆದದ್ದೇ ತಡ, ಕೊಳೆತ ಕೆಸರಿನ ನಾತ ಅಡುಗೆಮನೆಯನ್ನೆಲ್ಲ ತುಂಬಿತು. ಬಳಚು ಎಂಬ ಚಿಪ್ಪುಮೀನಿನ ಸಾರಿನಲ್ಲಿ, ಮೊದಲೇ ಸತ್ತಿದ್ದ ಚಿಪ್ಪೊಂದು ಬಾಯಿಬಿಟ್ಟು, ಹೊಟ್ಟೆಯೊಳಗಿದ್ದ ಕಪ್ಪು ರಾಡಿಯನ್ನೆಲ್ಲ ಕಾರಿಕೊಂಡಿತ್ತು. ನೀತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಕಾರವಾರ ಪೇಟೆಯಲ್ಲಿ ಒಂದು ಚಿಪ್ಪು ಮೂಸಿ ನೋಡಿಯೇ ತಂದದ್ದು ನಾನು," ಎಂದರು ಊಟಕ್ಕೆ ಕೂತಿದ್ದ ಮಾವ ರಾಮನಾಥ. "ಚೊಲೋ ಇತ್ತು. ಅನ್ನ ಬೆಂದದ್ದು ನೋಡೂಕೆ ಒಂದು ಅಗುಳು ಸಾಕು."

"ಅನ್ನ ಒಂದೇ ನೀರಲ್ಲಿ ಒಟ್ಟಿಗೆ ಬೇಯ್ತದೆ, ಮಾವ. ಬಳಚು ಹಾಗಲ್ಲ, ಒಂದೊಂದೂ ತನ್ನ ಬಾಯಿ ಮುಚ್ಕೊಂಡು ಕೂತಿರ್ತದೆ. ಬುಟ್ಟಿಯ ನಾಲ್ಕು ಕಡೆ ಕೈ ಹಾಕಿ ಹತ್ತಿಪ್ಪತ್ತಾದ್ರೂ ನೋಡ್ಬೇಕಿತ್ತು."

"ತೊಳಿಯೂಕೆ ಬರ್ದವ್ರು ಹೀಂಗೇ ಹೇಳೂದು. ಅಂಕೋಲೆಯವ್ರೇ ಹಾಂಗೆ."

ಅಂಕೋಲೆಯಿಂದ ಸೊಸೆಯಾಗಿ ಬಂದಾಗಿನಿಂದ ಇದೇ ರಾಗ. ಅಂಕೋಲೆಯವರು ಉಪ್ಪು ಜಾಸ್ತಿ ಹಾಕುತ್ತಾರೆ, ಅಂಕೋಲೆಯವರು ಹಲ್ಲು ಕಿಸಿದು ನಗುತ್ತಾರೆ, ಅಂಕೋಲೆಯವರಿಗೆ ಮಲಗಿದರೆ ಬೆಳಗಾಗುವುದೇ ಇಲ್ಲ. ಪಾಪ, ಅರ್ಧ ತಾಲೂಕಿನ ಜೊತೆ ವ್ಯವಹಾರ ಮಾಡಿ ನೊಂದಿರಬೇಕು ಎಂದುಕೊಂಡು ಅವಳು ಇಷ್ಟು ದಿನ ಸಹಿಸಿದ್ದಳು. ಇವತ್ತು ಕೇಳಿಯೇಬಿಟ್ಟಳು: "ಅಂಕೋಲೆಯವ್ರು ಎಷ್ಟು ಜನ ಗೊತ್ತು ನಿಮಗೆ?"

ರಾಮನಾಥರು ತಟ್ಟೆಯನ್ನು ದೂರ ತಳ್ಳಿ, ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ಯಾಕೆ? ನೀನಿದ್ದೀಯಲ್ಲ, ಸಾಕಲ್ವಾ?"

ನೀತಾ ಮೂಗಿನ ಮೇಲಿದ್ದ ಸೆರಗು ತೆಗೆದಳು. ಪಾತ್ರೆಯ ನಾತ ಈಗ ಏನೂ ಅಲ್ಲ ಅನ್ನಿಸಿತು.